ವಿದ್ಯುತ್ ಬಂಡಿಯೂ ನಮ್ಮ ಮಕ್ಕಳೂ

ಕಳೆದ ದೀಪಾವಳಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ಹೊಸೂರಿನಿಂದ ಬಾಗಲೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಹದಿನೆಂಟು ವರ್ಷಗಳಿಂದ ಅವನು ದ್ವಿಚಕ್ರ ವಾಹನಗಳ ದುರಸ್ತಿಯ ಅಂಗಡಿ ಇಟ್ಟುಕೊಂಡಿದ್ದಾನೆ. ಒಳ್ಳೆಯ ವೈದ್ಯನು ನಾಡಿ ಹಿಡಿದು ರೋಗ ಹೇಳುವಂತೆ, ಇಂಜಿನ್ನಿನ ಸದ್ದನ್ನು ಆಲಿಸಿಯೇ ಅದರ ದೋಷವನ್ನು ಹೇಳಬಲ್ಲವನೆಂದು ಸುತ್ತಲಿನ ಹಳ್ಳಿಗಳಲ್ಲಿ ಹೆಸರು ಪಡೆದವನು. ಅಂದು ಅವನ ಮುಖದಲ್ಲಿ ಹಬ್ಬದ ಕಳೆ ಇರಲಿಲ್ಲ. "ಮೇಷ್ಟ್ರೇ, ಈಗ ಬರುತ್ತಿರುವ ಗಾಡಿಗಳಿಗೆ ಸದ್ದೇ ಇಲ್ಲ. ಇನ್ನು ನಾನು ಏನನ್ನು ಕೇಳಿ ಏನು ಹೇಳಲಿ? ಮಗ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಈ ಕಸುಬನ್ನು ಅವನಿಗೆ ಕಲಿಸಲೋ, ಬೇಡವೋ?" ಎಂದು ಕೇಳಿದನು.

ಮೂವತ್ತು ವರ್ಷ ಪಾಠ ಹೇಳಿದ ನನಗೆ ಆ ಗಳಿಗೆಯಲ್ಲಿ ಉತ್ತರ ತೋಚಲಿಲ್ಲ. ಅಲ್ಲಿಂದೀಚೆಗೆ ಕೆಲವು ತಿಂಗಳು ಓದಿ, ತಿಳಿದವರನ್ನು ಕೇಳಿ, ಶಾಲೆಯಲ್ಲಿ ಮಕ್ಕಳೊಡನೆ ಪ್ರಯೋಗ ಮಾಡಿ ನೋಡಿ ಕಂಡುಕೊಂಡದ್ದನ್ನು ಈ ಪುಟಗಳಲ್ಲಿ ನಿವೇದಿಸುತ್ತಿದ್ದೇನೆ. ಇದೇ ಪ್ರಶ್ನೆ ಗಡಿಯಾಚೆಯ ನಮ್ಮ ಅನೇಕ ಮನೆಗಳಲ್ಲಿ ಎದ್ದಿರಬಹುದು.

ಹಳೆಯ ಕನಸು

ವಿದ್ಯುತ್ತಿನಿಂದ ಓಡುವ ವಾಹನವು ನಿನ್ನೆ ಮೊನ್ನೆಯ ಸೃಷ್ಟಿಯೆಂದು ಹಲವರು ಭಾವಿಸಿದ್ದಾರೆ. ಅದು ಸರಿಯಲ್ಲ. ಮತ್ತೆ ಮತ್ತೆ ತುಂಬಿಕೊಳ್ಳಬಹುದಾದ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ಎಂಬ ವಿಜ್ಞಾನಿ 1859ರಲ್ಲಿಯೇ ರಚಿಸಿದ್ದನು. ಬೆಲ್ಜಿಯಮ್ಮಿನ ಕಮೀಲ್ ಜೆನಾಟ್ಜಿ ಎಂಬ ಸಾಹಸಿಯು 1899ರಲ್ಲಿ ಗಂಟೆಗೆ ನೂರು ಕಿಲೋಮೀಟರಿನ ಗಡಿಯನ್ನು ಮೊತ್ತಮೊದಲು ದಾಟಿದ್ದು ವಿದ್ಯುತ್ ಕಾರಿನಲ್ಲಿಯೇ ಹೊರತು ಪೆಟ್ರೋಲ್ ಕಾರಿನಲ್ಲಿ ಅಲ್ಲ. ಆ ಶತಮಾನ ಮುಗಿಯುವ ಹೊತ್ತಿಗೆ ಅಮೆರಿಕದ ಬೀದಿಗಳಲ್ಲಿ ಉಗಿಯ ಕಾರು, ವಿದ್ಯುತ್ ಕಾರು, ಪೆಟ್ರೋಲ್ ಕಾರು ಮೂರೂ ಸರಿಸಮನಾಗಿ ಸ್ಪರ್ಧಿಸುತ್ತಿದ್ದುವು.

ಹಾಗಿದ್ದಮೇಲೆ ವಿದ್ಯುತ್ ಕಾರು ಸೋತದ್ದೇಕೆ? 1908ರಲ್ಲಿ ಹೆನ್ರಿ ಫೋರ್ಡನು ತನ್ನ ಟಿ ಮಾದರಿಯ ಕಾರನ್ನು ಹೊರತಂದು ಕ್ರಮೇಣ ಅದರ ಬೆಲೆಯನ್ನು ತಗ್ಗಿಸುತ್ತ ಹೋದನು. ಪೆಟ್ರೋಲ್ ಇಂಜಿನ್ನನ್ನು ಕೈಯಿಂದ ತಿರುಗಿಸಿ ಚಾಲೂ ಮಾಡುವ ಕಷ್ಟವಿತ್ತಷ್ಟೆ. 1912ರಲ್ಲಿ ಚಾರ್ಲ್ಸ್ ಕೆಟರಿಂಗನ ವಿದ್ಯುತ್ ಸ್ಟಾರ್ಟರ್ ಬಂದು ಆ ಕಷ್ಟವನ್ನೂ ನೀಗಿಸಿತು. ವಿದ್ಯುತ್ತಿನ ಒಂದು ಪುಟ್ಟ ಮೋಟಾರೇ ವಿದ್ಯುತ್ ಕಾರನ್ನು ಮೂಲೆಗೆ ತಳ್ಳಿದ ವಿಚಿತ್ರವಿದು. ಆದರೆ ಇವೆಲ್ಲಕ್ಕಿಂತ ದೊಡ್ಡ ಕಾರಣವೊಂದಿತ್ತು: ಅದು ಬ್ಯಾಟರಿಯ ಭಾರ.

ಲೆಕ್ಕವನ್ನು ನೋಡೋಣ. ಒಂದು ಕಿಲೋಗ್ರಾಂ ಪೆಟ್ರೋಲಿನಲ್ಲಿ ಸುಮಾರು 12,000 ವ್ಯಾಟ್-ಗಂಟೆಗಳಷ್ಟು, ಎಂದರೆ ನಮ್ಮ ಮನೆಯ ಮೀಟರಿನ ಭಾಷೆಯಲ್ಲಿ 12 ಯೂನಿಟ್ಟಿನಷ್ಟು, ಶಕ್ತಿ ಅಡಗಿದೆ. ಒಂದು ಕಿಲೋಗ್ರಾಂ ಸೀಸದ ಬ್ಯಾಟರಿಯಲ್ಲಿ ಹಿಡಿಸುವುದು ಕೇವಲ 30ರಿಂದ 40 ವ್ಯಾಟ್-ಗಂಟೆ. ಪೆಟ್ರೋಲ್ ಇಂಜಿನ್ ತಾನು ಉರಿಸಿದ ಶಕ್ತಿಯಲ್ಲಿ ಮುಕ್ಕಾಲು ಪಾಲನ್ನು ಬಿಸಿಯಾಗಿಯೇ ಕಳೆದುಬಿಡುತ್ತದೆ. ವಿದ್ಯುತ್ ಮೋಟಾರು ನೂರರಲ್ಲಿ ಎಂಬತ್ತೈದು ತೊಂಬತ್ತರಷ್ಟನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಆದರೂ ಮೂಟೆ ಇಷ್ಟು ಭಾರವಾದರೆ ಹೊರುವ ಎತ್ತು ಎಷ್ಟು ಬಲ್ಲಿದನಾದರೇನು?

ಬೆಂಗಳೂರಿನ ಪುಟ್ಟ ಕಾರು

ನಮ್ಮ ದೇಶದಲ್ಲಿ ಈ ಭಾರವನ್ನು ಹೊತ್ತೇ ಹೊರಟವರಲ್ಲಿ ಮೊದಲು ನೆನೆಯಬೇಕಾದವರು ಬೆಂಗಳೂರಿನ ಚೇತನ್ ಮೈನಿಯವರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅವರು 1990ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ನಿರ್ಮಿಸಿದ ಸೌರಶಕ್ತಿಯ ಕಾರಿನ ತಂಡದಲ್ಲಿದ್ದರು. ಮುಂದೆ 1994ರಲ್ಲಿ ಬೆಂಗಳೂರಿನ ಮೈನಿ ಸಮೂಹವೂ ಕ್ಯಾಲಿಫೋರ್ನಿಯಾದ ಸಂಸ್ಥೆಯೊಂದೂ ಕೂಡಿ ರೇವಾ ಕಾರಿನ ಕಂಪನಿಯನ್ನು ಸ್ಥಾಪಿಸಿದುವು. ಇಂದು ಸ್ಟಾರ್ಟ್‌ಅಪ್ ಎಂದು ಎಲ್ಲರ ಬಾಯಲ್ಲಿಯೂ ಓಡಾಡುವ ಶಬ್ದವು ನಮ್ಮ ಕಡೆ ಕೇಳಿಬರುವುದಕ್ಕೆ ಬಹು ಹಿಂದಿನ ಮಾತಿದು. ಏಳು ವರ್ಷಗಳ ಪ್ರಯತ್ನದ ಬಳಿಕ 2001ರಲ್ಲಿ ರೇವಾ ಕಾರು ಬೆಂಗಳೂರಿನ ರಸ್ತೆಗಿಳಿಯಿತು.

ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರಿಗೆ, ಹಿಂದೆ ಇಬ್ಬರು ಮಕ್ಕಳಿಗೆ ಮಾತ್ರ ಸ್ಥಳ, ಆಸನದಡಿಯಲ್ಲಿ ಎಂಟು ಸೀಸದ ಬ್ಯಾಟರಿಗಳು. ರಾತ್ರಿಯೆಲ್ಲ ತುಂಬಿಸಿಟ್ಟರೆ ಮರುದಿನ 80 ಕಿ.ಮೀ. ಓಡಬಲ್ಲುದೆಂಬ ಭರವಸೆ. ನಮ್ಮ ಊರಿನ ಶಿಕ್ಷಕರ ತಂಡವು ತರಬೇತಿಗೆಂದು ಬೆಂಗಳೂರಿಗೆ ಹೋಗಿದ್ದಾಗ ಈ ಕಾರನ್ನು ಕಂಡು, "ಇದೇನು, ಜಾತ್ರೆಯ ಆಟದ ಸಾಮಾನೇ?" ಎಂದು ನಾವೆಲ್ಲ ನಕ್ಕದ್ದುಂಟು. ಆ ನಗೆಯನ್ನು ನೆನೆದು ಈಗ ನಾಚಿಕೆಯಾಗುತ್ತದೆ.

ರೇವಾ ಸಮುದ್ರವನ್ನೂ ದಾಟಿತು. 2004ರಿಂದ ಲಂಡನ್ ನಗರದಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ನಗರದ ನಡುಭಾಗಕ್ಕೆ ಬರುವ ವಾಹನಗಳ ಮೇಲೆ ವಿಧಿಸಿದ್ದ ಸುಂಕವು ವಿದ್ಯುತ್ ವಾಹನಗಳಿಗೆ ಇರಲಿಲ್ಲವಾಗಿ, ಅಲ್ಲಿನವರು ಅದನ್ನು ಕೊಂಡರು. 2007ರಲ್ಲಿ ಅಪಘಾತ ಪರೀಕ್ಷೆಗಳು ನಡೆದಾಗ ಅದರ ಸುರಕ್ಷತೆಯ ಬಗೆಗೆ ತೀವ್ರ ಟೀಕೆಯೂ ಬಂದಿತು. ಆ ಟೀಕೆ ಕೇವಲ ಹುರುಡಿನದಾಗಿರಲಿಲ್ಲ. 2010ರಲ್ಲಿ ಮಹೀಂದ್ರ ಸಂಸ್ಥೆಯು ಕಂಪನಿಯ ಬಹುಪಾಲನ್ನು ಕೊಂಡುಕೊಂಡಿತು. 2013ರಲ್ಲಿ ಇ-ಟು-ಓ ಎಂಬ ಹೊಸ ಮಾದರಿ ಬಂದಿತಾದರೂ ಜನ ಮುಗಿಬಿದ್ದು ಕೊಳ್ಳಲಿಲ್ಲ.

ಹಾಗಾದರೆ ರೇವಾ ಸೋತಿತೇ? ಮಾರಾಟದ ಲೆಕ್ಕದಲ್ಲಿ ಹೌದೆನ್ನಬೇಕು. ಆದರೆ ಬ್ಯಾಟರಿಯನ್ನು ಕಾಯುವ, ಮೋಟಾರನ್ನು ಆಳುವ ವಿದ್ಯೆಯನ್ನು ಬಲ್ಲ ತಂಡವೊಂದು ಬೆಂಗಳೂರಿನಲ್ಲಿ ಸಿದ್ಧವಾಯಿತು. ಆ ಕಂಪನಿಯೇ ಮುಂದೆ ಮಹೀಂದ್ರ ಎಲೆಕ್ಟ್ರಿಕ್ ಎಂಬ ಹೆಸರು ತಳೆದು, 2018ರಲ್ಲಿ ಟ್ರಿಯೋ ಎಂಬ ವಿದ್ಯುತ್ ಆಟೋರಿಕ್ಷಾವನ್ನು ಹೊರತಂದಿತು. ಮೈನಿಯವರು 2017ರಲ್ಲಿ, ಖಾಲಿಯಾದ ಬ್ಯಾಟರಿಯನ್ನು ಕೊಟ್ಟು ತುಂಬಿದ್ದನ್ನು ಪಡೆಯುವ ವ್ಯವಸ್ಥೆಗಾಗಿ ಸನ್ ಮೊಬಿಲಿಟಿ ಎಂಬ ಬೇರೊಂದು ಉದ್ಯಮವನ್ನು ಆರಂಭಿಸಿದರು. ಬೀಜ ಮಣ್ಣಿನಲ್ಲಿ ಕರಗದೆ ಪೈರಾಗುವುದಿಲ್ಲ.

ಗೆದ್ದವರೂ ಸೋತವರೂ

ಭಾರದ ತೊಡಕನ್ನು ಬಿಡಿಸಿದ್ದು ಲೀಥಿಯಂ ಬ್ಯಾಟರಿ. ಅದರ ಮೂಲತತ್ತ್ವಗಳನ್ನು ಶೋಧಿಸಿದ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಜಾನ್ ಗುಡಿನಫ್, ಅಕಿರಾ ಯೋಶಿನೋ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಆ ವೇಳೆಗೆ ಗುಡಿನಫ್ ಅವರಿಗೆ 97 ವರ್ಷ! 1991ರಲ್ಲಿ ಜಪಾನಿನ ಸೋನಿ ಸಂಸ್ಥೆ ಇದನ್ನು ಮೊದಲು ಮಾರಾಟಕ್ಕೆ ತಂದಿತು. ಹಗುರವಾದ ಲೀಥಿಯಂ ಬ್ಯಾಟರಿಯಲ್ಲಿ ಒಂದು ಕಿಲೋಗ್ರಾಮಿಗೆ 150ರಿಂದ 250 ವ್ಯಾಟ್-ಗಂಟೆಯವರೆಗೂ ಶಕ್ತಿ ಹಿಡಿಸುತ್ತದೆ. ಎಂದರೆ ಸೀಸದ ಬ್ಯಾಟರಿಯ ಐದಾರು ಪಟ್ಟು.

ಅಮೆರಿಕದಲ್ಲಿ 2003ರಲ್ಲಿ ಹುಟ್ಟಿದ ಟೆಸ್ಲಾ ಎಂಬ ಸಣ್ಣ ಕಂಪನಿ, ಮಡಿಲಗಣಕಗಳಲ್ಲಿ ಬಳಸುವಂಥವೇ ಆದ 6,831 ಪುಟ್ಟ ಕೋಶಗಳನ್ನು ಜೋಡಿಸಿ, 2008ರಲ್ಲಿ ತನ್ನ ಮೊದಲ ಕಾರನ್ನು ಗಿರಾಕಿಗಳಿಗೆ ಕೊಟ್ಟಿತು. ಆ ವರ್ಷದ ಕೊನೆಗೆ ಅದು ದಿವಾಳಿಯ ಅಂಚಿಗೆ ಬಂದು ಪಾರಾಯಿತು. ಚೀನಾದ ಬಿವೈಡಿ 1995ರಲ್ಲಿ ಬರಿಯ ಬ್ಯಾಟರಿ ತಯಾರಿಸುವ ಸಂಸ್ಥೆಯಾಗಿ ಆರಂಭವಾಗಿ, 2003ರಲ್ಲಿ ಕಾರಿನ ಉದ್ಯಮಕ್ಕೆ ಕೈಹಾಕಿ, 2022ರಲ್ಲಿ ಕೇವಲ ಪೆಟ್ರೋಲಿನಿಂದ ಓಡುವ ಕಾರುಗಳ ತಯಾರಿಕೆಯನ್ನೇ ನಿಲ್ಲಿಸಿತು.

ಸೋತವರ ಪಟ್ಟಿಯೂ ಚಿಕ್ಕದಲ್ಲ. ಬ್ಯಾಟರಿಯನ್ನು ಐದು ನಿಮಿಷಗಳಲ್ಲಿ ಬದಲಿಸಿಕೊಡುವ ಯೋಜನೆಯೊಡನೆ 2007ರಲ್ಲಿ ಆರಂಭವಾದ ಬೆಟರ್ ಪ್ಲೇಸ್ ಎಂಬ ಉದ್ಯಮವು ಸುಮಾರು 85 ಕೋಟಿ ಡಾಲರ್ ಬಂಡವಾಳ ಸಂಗ್ರಹಿಸಿಯೂ 2013ರಲ್ಲಿ ಮುಳುಗಿತು. ಹೆನ್ರಿಕ್ ಫಿಸ್ಕರ್ ಎಂಬ ಹೆಸರಾಂತ ವಿನ್ಯಾಸಕಾರನ ಮೊದಲ ಕಂಪನಿ 2013ರಲ್ಲಿಯೂ, ಎರಡನೆಯದು 2024ರಲ್ಲಿಯೂ ದಿವಾಳಿಯಾದುವು. ಹಣವಾಗಲಿ ಹೆಸರಾಗಲಿ ಇವರನ್ನು ಉಳಿಸಲಿಲ್ಲ. ಆದರೆ ಬ್ಯಾಟರಿ ಬದಲಿಸುವ ವಿಚಾರ ಮಾತ್ರ ಸಾಯದೆ ಚೀನಾದಲ್ಲಿಯೂ ನಮ್ಮ ಬೆಂಗಳೂರಿನಲ್ಲಿಯೂ ಬೇರೆಯವರ ಕೈಯಲ್ಲಿ ಚಿಗುರಿತು. ಈ ನಡುವೆ ಬ್ಯಾಟರಿಯ ಬೆಲೆಯೂ ಇಳಿಯಿತು. ಒಂದು ಯೂನಿಟ್ ಶಕ್ತಿ ಹಿಡಿಸುವ ಬ್ಯಾಟರಿಗೆ 2010ರಲ್ಲಿ ಸಾವಿರ ಡಾಲರಿಗೂ ಮೀರಿದ್ದ ಸರಾಸರಿ ಬೆಲೆ, 2024ರಲ್ಲಿ ಸುಮಾರು 115 ಡಾಲರಿಗೆ ಬಂದಿತು.

ಇದರಿಂದ ನಾನು ತಿಳಿದುಕೊಂಡದ್ದಿಷ್ಟು: ಕಂಪನಿಗಳು ಹುಟ್ಟುತ್ತವೆ, ಸಾಯುತ್ತವೆ. ಅವುಗಳಲ್ಲಿ ದುಡಿದು ಕಲಿತವರ ವಿದ್ಯೆ ಉಳಿಯುತ್ತದೆ. ಆದುದರಿಂದ ನಮ್ಮ ಮಕ್ಕಳು ನೆಚ್ಚಬೇಕಾದದ್ದು ಯಾವುದೋ ಕಾರ್ಖಾನೆಯ ಬೋರ್ಡನ್ನಲ್ಲ, ಬಂಡಿಯ ಒಳಗಿನ ತತ್ತ್ವವನ್ನು.

ನಮ್ಮ ಬಾಗಿಲಿಗೆ ಬಂದ ಕಾರ್ಖಾನೆಗಳು

ಹೊಸೂರಿಗೆ ವಾಹನ ಹೊಸದಲ್ಲ. ನಾನು ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದಾಗ, 1980ರಲ್ಲಿ, ಇಲ್ಲಿನ ಟಿ.ವಿ.ಎಸ್. ಕಾರ್ಖಾನೆಯಿಂದ ಇಬ್ಬರು ಕುಳಿತು ಹೋಗಬಹುದಾದ ಮೊಪೆಡ್ ಹೊರಬಂದಿತು. ಹಾಲಿನ ಕ್ಯಾನು, ಹೂವಿನ ಬುಟ್ಟಿ, ರಾಗಿಯ ಚೀಲ, ಕೊನೆಗೆ ಮೇಕೆಯ ಮರಿಯನ್ನೂ ಹೊತ್ತು ಅದು ನಮ್ಮ ಹಳ್ಳಿಗಳ ಬಡವರ ಕುದುರೆಯಾಯಿತು. ನನ್ನ ಶಿಷ್ಯನು ಕಸುಬು ಕಲಿತದ್ದೂ ಅದರ ಮೇಲೆಯೇ. ಅದೇ ಟಿ.ವಿ.ಎಸ್. 2020ರಲ್ಲಿ ತನ್ನ ಐಕ್ಯೂಬ್ ವಿದ್ಯುತ್ ಸ್ಕೂಟರನ್ನು ಮಾರುಕಟ್ಟೆಗೆ ತಂದಿತು.

ಮದರಾಸಿನ ಐ.ಐ.ಟಿ.ಯಲ್ಲಿ ಓದಿದ ತರುಣ್ ಮೆಹ್ತಾ, ಸ್ವಪ್ನಿಲ್ ಜೈನ್ ಎಂಬಿಬ್ಬರು 2013ರಲ್ಲಿ ಏಥರ್ ಎಂಬ ಉದ್ಯಮವನ್ನು ಆರಂಭಿಸಿದರು. 2018ರಲ್ಲಿ ಬೆಂಗಳೂರಿನಲ್ಲಿ ಅವರ ಸ್ಕೂಟರು ಮಾರಾಟಕ್ಕೆ ಬಂದಿತು. 2021ರಲ್ಲಿ ಕಾರ್ಖಾನೆ ಬೆಂಗಳೂರಿನಿಂದ ಗಡಿ ದಾಟಿ ಹೊಸೂರಿಗೆ ಬಂದಿತು. ಅದೇ ವರ್ಷ ನಮ್ಮ ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯ ಬಳಿ ಓಲಾ ಸಂಸ್ಥೆಯ ದೊಡ್ಡ ಕಾರ್ಖಾನೆ ಎದ್ದಿತು; ಅದನ್ನು ಮಹಿಳೆಯರೇ ನಡೆಸುವರೆಂದು ಸಂಸ್ಥೆ ಪ್ರಕಟಿಸಿತು. 2023ರಲ್ಲಿ ಶೂಲಗಿರಿಯಲ್ಲಿ ಸಿಂಪಲ್ ಎನರ್ಜಿಯ ಕಾರ್ಖಾನೆ ತೆರೆಯಿತು.

ಹೀಗೆ ಬೆಂಗಳೂರಿನಲ್ಲಿ ಯೋಚಿಸಿದ್ದು ಹೊಸೂರಿನ ಸೀಮೆಯಲ್ಲಿ ವಸ್ತುವಾಗುತ್ತಿದೆ. ಬೆಳಗಿನ ಜಾವ ನಮ್ಮ ಹಳ್ಳಿಯ ಅರಳಿಕಟ್ಟೆಯ ಬಳಿ ಕಾರ್ಖಾನೆಗಳ ಬಸ್ಸಿಗಾಗಿ ಕಾಯುವ ಹೆಣ್ಣುಮಕ್ಕಳಲ್ಲಿ ನನ್ನ ಶಾಲೆಯಲ್ಲಿ ಓದಿದವರೂ ಇದ್ದಾರೆ. ಮನೆಗೆ ಸಂಬಳ ತರುವ ಮಗಳನ್ನು ಕಂಡರೆ ತಂದೆತಾಯಿಗೆ ಹೆಮ್ಮೆಯೇ. ಆದರೆ ಅವಳು ವರ್ಷಗಟ್ಟಲೆ ಒಂದೇ ತಿರುಪನ್ನು ತಿರುಗಿಸುತ್ತಲೇ ಇರಬೇಕೇ, ಅಥವಾ ಆ ತಿರುಪು ಏಕೆ ಅಲ್ಲಿದೆಯೆಂದು ಅರಿತು ಒಂದು ಮೆಟ್ಟಿಲು ಮೇಲಕ್ಕೇರಬೇಕೇ? ಇದನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಆರರಿಂದ ಹತ್ತನೆಯ ತರಗತಿಯವರೆಗಿನ ನಮ್ಮ ಪಾಠವೇ.

ತರಗತಿಯಲ್ಲಿ ಒಂದು ಪ್ರಯೋಗ

ಈ ವಿಚಾರ ಮನಸ್ಸಿನಲ್ಲಿದ್ದಾಗ, ಮುರಿದ ಆಟಿಕೆಯಿಂದ ತೆಗೆದ ಪುಟ್ಟ ಮೋಟಾರೊಂದನ್ನು ಏಳನೆಯ ತರಗತಿಗೆ ಒಯ್ದೆನು. ಒಂದು ಶೆಲ್ಲಿಗೆ ಜೋಡಿಸಿದೊಡನೆ ಅದು ತಿರುಗಿತು. ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಬಳಿಕ ಶೆಲ್ಲನ್ನು ತೆಗೆದು, ಅದರ ಜಾಗದಲ್ಲಿ ಚಿಕ್ಕ ಬಲ್ಬನ್ನು ಸೇರಿಸಿ, ಮೋಟಾರಿನ ಅಚ್ಚಿಗೆ ದಾರ ಸುತ್ತಿ, ಬುಗುರಿಯಂತೆ ಜಗ್ಗಲು ಒಬ್ಬ ಹುಡುಗನಿಗೆ ಹೇಳಿದೆನು. ಬಲ್ಬು ಮಿಣುಕಿತು! ಬಲ್ಬನ್ನು ಬಿಡಿಸಿ ಜಗ್ಗಿದರೆ ದಾರ ಸಲೀಸಾಗಿ ಬರುತ್ತದೆ. ಬಲ್ಬನ್ನು ಸೇರಿಸಿದರೆ ಯಾರೋ ಒಳಗಿಂದ ಹಿಡಿದಂತೆ ಬಿಗಿಯಾಗುತ್ತದೆ ಎಂಬುದನ್ನೂ ಮಕ್ಕಳೇ ಕಂಡುಕೊಂಡರು.

ವಿದ್ಯುತ್ ಬಂಡಿಯ ರಹಸ್ಯವೊಂದು ಇದರಲ್ಲಿಯೇ ಇದೆ. ಇಳಿಜಾರಿನಲ್ಲಿ ಅಥವಾ ವೇಗ ತಗ್ಗಿಸುವಾಗ ಅದರ ಮೋಟಾರು ಡೈನಮೋ ಆಗಿ ತಿರುಗುತ್ತದೆ. ಆ ಬಿಗಿತವೇ ಬ್ರೇಕಿನ ಕೆಲಸ ಮಾಡುತ್ತದೆ. ಹುಟ್ಟಿದ ವಿದ್ಯುತ್ತು ಬ್ಯಾಟರಿಗೆ ಮರಳುತ್ತದೆ. ಪೆಟ್ರೋಲ್ ಬಂಡಿಯಲ್ಲಿ ಇದೇ ಶಕ್ತಿ ಬ್ರೇಕು ಬಿಸಿಯಾಗಿ ವ್ಯರ್ಥವಾಗುತ್ತದೆ.

ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಹಾಗಾದರೆ ಗಾಡಿ ತನ್ನ ಕರೆಂಟನ್ನು ತಾನೇ ಮಾಡಿಕೊಂಡು ಯಾವಾಗಲೂ ಓಡಬಹುದಲ್ಲವೇ ಸರ್?" ಎಂದು ಕೇಳಿದಳು. ಇಂಥ ಪ್ರಶ್ನೆಗಾಗಿಯೇ ಅಲ್ಲವೇ ಶಿಕ್ಷಕನಾದವನು ಬದುಕುವುದು! ನಾನು ಉತ್ತರ ಹೇಳದೆ, ಬಾವಿಯಿಂದ ಸೇದಿದ ನೀರನ್ನು ಮತ್ತೆ ಬಾವಿಗೆ ಸುರಿಯುವಾಗ ಎಷ್ಟು ಚೆಲ್ಲುತ್ತದೆಂದು ಯೋಚಿಸಲು ಹೇಳಿದೆನು. ಅರ್ಧ ಗಂಟೆ ಚರ್ಚೆ ನಡೆಯಿತು. ಪ್ರತಿ ಸಲ ಸ್ವಲ್ಪ ಚೆಲ್ಲುವುದರಿಂದ ಕೊನೆಗೆ ಕೊಡ ಬರಿದಾಗುತ್ತದೆ, ಬಂಡಿಯೂ ನಿಲ್ಲುತ್ತದೆ ಎಂದು ಅವಳೇ ಹೇಳಿದಳು. ಆ ಚರ್ಚೆ ನಡೆದದ್ದು ಅಚ್ಚ ಕನ್ನಡದಲ್ಲಿ. ಬೇರೆ ಭಾಷೆಯಲ್ಲಾಗಿದ್ದರೆ ಆ ಹುಡುಗಿ ಎದ್ದು ನಿಲ್ಲುತ್ತಿರಲಿಲ್ಲವೆಂಬುದು ನನ್ನ ದೃಢವಾದ ನಂಬಿಕೆ.

ಆದರೆ ವಾಚಕರು ತಪ್ಪು ತಿಳಿಯಬಾರದು. ಕಾರ್ಖಾನೆಯಲ್ಲಿ ತಮಿಳು ಬೇಕು, ಯಂತ್ರದ ಕೈಪಿಡಿಯನ್ನು ಓದಲು ಇಂಗ್ಲಿಷೂ ಬೇಕು. ಗಡಿಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಮೂರು ನಾಲ್ಕು ಭಾಷೆ ಹೊರೆಯಲ್ಲ, ಹುಟ್ಟುಗಂಟು. ಬುದ್ಧಿ ಮೊದಲು ಮನೆಯ ಮಾತಿನಲ್ಲಿ ಅರಳಲಿ. ಆಮೇಲೆ ಯಾವ ಮಾತಿನಲ್ಲಿ ಬೇಕಾದರೂ ಅದು ದುಡಿಯಬಲ್ಲುದು.

ಹೂವಿನೊಡನೆ ಮುಳ್ಳು

ಹೊಸದೆಲ್ಲವೂ ಚಿನ್ನವೆಂದು ಹೊಗಳುವುದು ಶಿಕ್ಷಕನಿಗೆ ತಕ್ಕುದಲ್ಲ. ವಿದ್ಯುತ್ ಬಂಡಿ ಹೊಗೆ ಉಗುಳುವುದಿಲ್ಲ, ನಿಜ. ಆದರೆ ನಮ್ಮ ದೇಶದ ವಿದ್ಯುತ್ತಿನ ಹೆಚ್ಚಿನ ಪಾಲು ಇಂದಿಗೂ ಕಲ್ಲಿದ್ದಲನ್ನು ಸುಟ್ಟು ಬರುವುದು. ಗಾಳಿ ಮತ್ತು ಬಿಸಿಲಿನ ವಿದ್ಯುತ್ತು ಬೆಳೆದಷ್ಟೂ ಬಂಡಿ ಶುದ್ಧವಾದೀತು. ಹಲವು ಬ್ಯಾಟರಿಗಳಿಗೆ ಬೇಕಾದ ಕೋಬಾಲ್ಟಿನ ದೊಡ್ಡ ಭಾಗ ಆಫ್ರಿಕದ ಕಾಂಗೋ ದೇಶದ ಗಣಿಗಳಿಂದ, ಬಡವರ ಬೆವರಿನಿಂದ ಬರುತ್ತದೆ. ಮಂಡ್ಯ ಜಿಲ್ಲೆಯ ಮರಳಗಾಲದ ಬಳಿ ಲೀಥಿಯಂ ಇರುವುದನ್ನು ಪರಮಾಣು ಖನಿಜ ನಿರ್ದೇಶನಾಲಯವು ಗುರುತಿಸಿದೆಯಾದರೂ, ಅಂದಾಜಿಸಿದ 1,600 ಟನ್ ನಮ್ಮ ದೇಶದ ಅಗತ್ಯದ ಮುಂದೆ ಅಲ್ಪವೇ ಸರಿ. ಲೀಥಿಯಮ್ಮಿಗೆ ಬದಲಾಗಿ, ಅಡುಗೆಯ ಉಪ್ಪಿನಲ್ಲಿರುವ ಸೋಡಿಯಮ್ಮಿನಿಂದಲೇ ಬ್ಯಾಟರಿ ಮಾಡುವ ಪ್ರಯತ್ನಗಳು ಅನೇಕ ದೇಶಗಳಲ್ಲಿ ನಡೆದಿವೆ.

2022ರಲ್ಲಿ ನಮ್ಮ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದಾಗ ಜನ ಬೆದರಿದರು. ಬಳಿಕ ಸರ್ಕಾರವು ಬ್ಯಾಟರಿಗಳ ಸುರಕ್ಷತಾ ನಿಯಮಗಳನ್ನು ಬಿಗಿಗೊಳಿಸಿತು. ಹಳೆಯ ಬ್ಯಾಟರಿಗಳ ವಿಲೇವಾರಿಗೂ ಅದೇ ವರ್ಷ ನಿಯಮಗಳು ಬಂದುವು. ಮನೆಯವರು ತಿಳಿದಿರಬೇಕಾದದ್ದು ಸರಳ: ಕಂಪನಿಯ ಚಾರ್ಜರನ್ನೇ ಬಳಸಿರಿ, ಬಿಸಿಲಿನಲ್ಲಿ ಓಡಿಸಿ ತಂದೊಡನೆ ಚಾರ್ಜಿಗೆ ಹಾಕಬೇಡಿರಿ, ಮಲಗುವ ಕೋಣೆಯಲ್ಲಿಯೂ ಹೊರಬಾಗಿಲಿನ ಅಡ್ಡದಲ್ಲಿಯೂ ಬ್ಯಾಟರಿಯನ್ನು ಇಡಬೇಡಿರಿ, ಉಬ್ಬಿದ ಇಲ್ಲವೇ ನೀರಲ್ಲಿ ಮುಳುಗಿದ ಬ್ಯಾಟರಿಯನ್ನು ಮುಟ್ಟದೆ ತಿಳಿದವರಿಗೆ ತೋರಿಸಿರಿ.

ದುರಸ್ತಿಗಾರನಿಗೆ ನನ್ನ ಉತ್ತರ

ಈಗ ನನ್ನ ಶಿಷ್ಯನ ಪ್ರಶ್ನೆಗೆ ಬರುತ್ತೇನೆ. ಅಪ್ಪಾ, ನಿನ್ನ ಅಂಗಡಿ ನಾಳೆಯೇ ಮುಚ್ಚುವುದಿಲ್ಲ. ಇಂದು ಕೊಂಡ ಪೆಟ್ರೋಲ್ ಬಂಡಿ ಹದಿನೈದು ವರ್ಷ ಓಡುತ್ತದೆ. ಆದರೆ ವಿದ್ಯುತ್ ಬಂಡಿಯಲ್ಲಿ ಪಿಸ್ಟನ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಇಂಜಿನ್ ಆಯಿಲ್ ಇಲ್ಲ, ಕ್ಲಚ್ಚಿಲ್ಲ. ಅವುಗಳಿಂದ ಬರುತ್ತಿದ್ದ ಆದಾಯ ವರ್ಷ ವರ್ಷಕ್ಕೆ ತಗ್ಗುತ್ತದೆ. ಇದನ್ನು ಮರೆಮಾಚಿ ನಿನ್ನನ್ನು ಸಮಾಧಾನಪಡಿಸಲಾರೆ. ಚಕ್ರ, ಟೈರು, ಬ್ರೇಕು, ಬೇರಿಂಗು, ಶಾಕ್ ಅಬ್ಸಾರ್ಬರು, ವೈರಿಂಗು ಉಳಿಯುತ್ತವೆ. 2020ರ ಏಪ್ರಿಲಿನಲ್ಲಿ ಹೊಸ ಹೊಗೆ ನಿಯಮ ಬಂದು ಹೊಸ ಬಂಡಿಗಳಲ್ಲಿ ಕಾರ್ಬುರೇಟರ್ ಮರೆಯಾದಾಗಲೂ ನೀನು ಹೀಗೆಯೇ ಅಂಜಿದ್ದೆ. ಆರು ತಿಂಗಳಲ್ಲಿ ಹೊಸದನ್ನು ಕಲಿತೆ. ಕಿವಿ ಕಲಿತದ್ದನ್ನು ಈಗ ಕಣ್ಣು ಕಲಿಯಬೇಕು: ಮಲ್ಟಿಮೀಟರಿನ ಮುಳ್ಳನ್ನು, ಅಂಕಿಗಳನ್ನು ಓದುವುದನ್ನು.

ಹಲವು ಹೊಸ ಬಂಡಿಗಳ ದೋಷ ಪತ್ತೆಗೆ ಕಂಪನಿಯ ಸಾಫ್ಟ್‌ವೇರೇ ಬೇಕಾಗುತ್ತದೆ. ಅದು ಬೀದಿಯ ಮೆಕ್ಯಾನಿಕ್ಕಿನ ಕೈಗೆ ಸುಲಭವಾಗಿ ಸಿಕ್ಕದು. ಇದು ನಿನ್ನೊಬ್ಬನಿಂದ ಬಿಡಿಸಲಾಗದ ಗಂಟು. ಊರಿನ ದುರಸ್ತಿಗಾರರೆಲ್ಲ ಸಂಘವಾಗಿ ಕೇಳಬೇಕಾದ ನ್ಯಾಯವದು. ಬಂಡಿ ಕೊಳ್ಳುವ ನಾವೂ, "ನಮ್ಮೂರಿನಲ್ಲಿ ಇದನ್ನು ಯಾರು ಸರಿಮಾಡಬಲ್ಲರು?" ಎಂದು ಅಂಗಡಿಯವನನ್ನು ಕೇಳಿಯೇ ಹಣ ಕೊಡಬೇಕು.

ನಿನ್ನ ಮಗನಿಗೆ ಕಸುಬನ್ನು ಕಲಿಸು, ಆದರೆ ಶಾಲೆಯನ್ನು ಬಿಡಿಸಿ ಅಲ್ಲ. ಹತ್ತನೆಯ ತರಗತಿ ಮುಗಿಯುವವರೆಗೆ ಅವನು ಗಣಿತವನ್ನೂ ವಿಜ್ಞಾನವನ್ನೂ ಶ್ರದ್ಧೆಯಿಂದ ಓದಲಿ. ಈಗ ಐ.ಟಿ.ಐ. ಶಿಕ್ಷಣದಲ್ಲಿ ವಿದ್ಯುತ್ ವಾಹನದ ಮೆಕ್ಯಾನಿಕ್ ಎಂಬ ಎರಡು ವರ್ಷಗಳ ತರಬೇತಿಯೇ ಉಂಟು. ಅವನು ಅದನ್ನು ಕಲಿತು ಬಂದರೆ, ಮಗನ ಮೀಟರೂ ತಂದೆಯ ಕೈಚಳಕವೂ ಸೇರಿ ಅಂಗಡಿ ಉಳಿದೀತು.

ಇದನ್ನೆಲ್ಲ ಹೇಳಿ ಮುಗಿಸಿದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ನಂತರ, "ಆ ಮೋಟಾರಿನ ಪಾಠಕ್ಕೆ ನಾನೂ ಬಂದು ಕೂರಬಹುದೇ ಮೇಷ್ಟ್ರೇ?" ಎಂದನು. ಮುಂದಿನ ಶನಿವಾರ ಅಂಗಡಿಗೆ ಬೀಗ ಹಾಕಿ, ಮಗನನ್ನೂ ಕರೆದುಕೊಂಡು ಬಂದನು. ಕೈಯಲ್ಲಿ ಹೊಸ ಮಲ್ಟಿಮೀಟರಿತ್ತು. ಮೊದಲು ಅವನು ಕಲಿತನು. ಆಮೇಲೆ ಬೇರಿಂಗು ಸವೆದಾಗ ಚಕ್ರ ಹೇಗೆ ಕೊರಗುತ್ತದೆಂಬುದನ್ನು ಮಕ್ಕಳಿಗೆ ಅವನೇ ಕಲಿಸಿದನು. ಸದ್ದಿಲ್ಲದ ಬಂಡಿಯಲ್ಲಿಯೂ ಕಿವಿಗೆ ಕೆಲಸ ಉಂಟೆಂದು ಅಂದು ನನಗೂ ತಿಳಿಯಿತು.

ಗಡಿಯಾಚೆಯ ಕನ್ನಡ ಶಾಲೆಗಳ ನನ್ನ ಸಹೋದ್ಯೋಗಿಗಳಲ್ಲಿ ಒಂದು ಬಿನ್ನಹ. ಹೊಸೂರಿನಲ್ಲಾಗಲಿ ತಾಳವಾಡಿಯಲ್ಲಾಗಲಿ, ಸೊಲ್ಲಾಪುರದಲ್ಲಾಗಲಿ ಆದವಾನಿಯಲ್ಲಾಗಲಿ, ಪ್ರತಿ ಊರಿನಲ್ಲಿಯೂ ಇಂಥ ದುರಸ್ತಿಗಾರನೊಬ್ಬನು ಇದ್ದೇ ಇರುತ್ತಾನೆ. ತಿಂಗಳಿಗೊಮ್ಮೆ ಅವನನ್ನು ತರಗತಿಗೆ ಕರೆಯಿರಿ. ಮುರಿದ ಆಟಿಕೆಯ ಮೋಟಾರೊಂದು, ಒಂದು ಶೆಲ್ಲು, ಒಂದು ಬಲ್ಬು, ಗೇಣುದ್ದ ದಾರ ಇಷ್ಟಿದ್ದರೆ ಸಾಕು, ಪಾಠವನ್ನು ಆರಂಭಿಸಬಹುದು.